ಹೊಸ್ತಿಲಿಗೆ ಅಂಟಿಸಿದ ಮಣೆ

ಇದು ಶುರುವಾದದ್ದು 2023ರ ನವೆಂಬರ್ 18, ಶನಿವಾರ, ರಾತ್ರಿ ಒಂಬತ್ತೂವರೆಗೆ.

ಜಾಯ್ಸ್ ನವನಗರದಲ್ಲಿ ನಮ್ಮ ಬದಿಯ ಮನೆಯವಳು. ಭೌತಶಾಸ್ತ್ರ ಓದಿದವಳು. ಕಣ್ಣಿಗೆ ಕಂಡದ್ದನ್ನೂ ಒಮ್ಮೆ ಅಳೆದು ನೋಡುವ ಪೈಕಿ. ಇದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ನಕ್ಕು ಎದ್ದು ಹೋಗುತ್ತಿದ್ದೆ. ಹೇಳಿದವಳು ಜಾಯ್ಸ್... ಹಾಗಾಗಿ ಕುಳಿತು ಕೇಳಿದೆ.

ಆ ರಾತ್ರಿ ಅವಳು ಧಾರವಾಡದಲ್ಲಿರುವ ಅಪ್ಪನ ಅಕ್ಕ ಜೆಸ್ಸಿ ಅತ್ತಿಯ ಮನೆಯಿಂದ ಹೊರಟಿದ್ದಳು. ಕೈಯಲ್ಲಿ ಬಿಸ್ಕಿಟಿನ ಹಳೇ ತಗಡಿನ ಡಬ್ಬಿ. ಒಳಗೆ ಮುತ್ತಜ್ಜ ಸಾಗವಾನಿಯಲ್ಲಿ ಮಾಡಿದ ಆಟಿಗೆ ಸಾಮಾನು. ಅಂಗೈ ಅಗಲದ ಊಟದ ಮೇಜು, ಆರು ಕುರ್ಚಿ, ಬಾಗಿಲು ಹೋದ ಕಪಾಟು, ನವಾರ ಹರಿದ ಮಂಚ. ತಳದಲ್ಲಿ ಹೆಬ್ಬೆರಳ ಉಗುರಿನಷ್ಟು ಒಂದು ಮಣೆ, ನೆಲದ ಮೇಲಿಟ್ಟು ಕುಳಿತು ಉಣ್ಣುತ್ತಾರಲ್ಲ, ಅಂಥದ್ದು. ಮುತ್ತಜ್ಜ ಮಿಶನ್ನಿನ ಕಾರ್ಖಾನೆಯಲ್ಲಿ ಬಡಿಗನಾಗಿದ್ದವನು.

ಜಾಯ್ಸ್ ಒಂದು ಗೊಂಬೆ ಮನೆ ಮಾಡಿಟ್ಟಿದ್ದಳು. ಕ್ರಿಸ್‌ಮಸ್ಸಿಗೆ ಚರ್ಚಿನ ಪ್ರದರ್ಶನದಲ್ಲಿ ಇಡುವುದಿತ್ತು. ಎಲ್ಲ ಚೆನ್ನಾಗಿತ್ತು, ಊಟದ ಕೋಣೆ ಒಂದು ಬಿಟ್ಟು. ಅಲ್ಲಿ ಕಡ್ಡಿಪೆಟ್ಟಿಗೆಯೇ ಮೇಜು. ಆ ಕೋಣೆಗೆಂದೇ ಡಬ್ಬಿ ಬೇಡಿ ತಂದಿದ್ದಳು.

ಬಸ್ ಸ್ಟಾಪಿಗೆ ಹಳೆಯ ಬಂಗಲೆಯ ಕಾಂಪೌಂಡಿನಲ್ಲಿ ಅಡ್ಡದಾರಿ. ಅಲ್ಲೊಂದು ಬಾವಿ. ನೀರು ಸೇದುವುದು ನಿಂತು ಮೂವತ್ತು ವರ್ಷ. ಬಾಯಿಗೆ ಕಬ್ಬಿಣದ ಜಾಳಿಗೆ ಹೊದಿಸಿದ್ದಾರೆ. ಗಡಗಡೆ ಇಲ್ಲ, ಹಗ್ಗ ಇಲ್ಲ.

ಗಡಗಡೆಯ ಸದ್ದು ಕೇಳಿತು. ಕಿರ್ರ್... ಕಿರ್ರ್... ಆಮೇಲೆ ಕೊಡ ಕಲ್ಲಿಗೆ ತಾಗಿದ ಠಣ್.

ಜಾಯ್ಸ್ ನಿಂತಳು. ಸದ್ದೂ ನಿಂತಿತು.

ಮುಂದೆ ಹೆಜ್ಜೆ ಇಟ್ಟರೆ ಡಬ್ಬಿ ಭಾರ. ಒಂದು ಕೈಯಲ್ಲಿದ್ದುದನ್ನು ಎರಡು ಕೈಯಲ್ಲಿ ಹಿಡಿದಳು. ಹತ್ತು ಹೆಜ್ಜೆಗೆ ಸೊಂಟಕ್ಕೇರಿಸಿದಳು. ಬಸ್ಸು ಹತ್ತುವಾಗ ಏದುಸಿರು.

"ಏನವಾ, ಡಬ್ಬ್ಯಾಗ ಮನಿನ ಹಾಕ್ಕೊಂಡ ಹೊಂಟೀಯೇನು?" ಎಂದ ಕಂಡಕ್ಟರ್.

ಮನೆಗೆ ಬಂದವಳೇ ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿದಳು. ಆರುನೂರ ನಲವತ್ತು ಗ್ರಾಂ. ಅಷ್ಟೇ.

ಭಾನುವಾರ ಕೆಲಸಕ್ಕೆ ಕುಳಿತಳು. ಕುರ್ಚಿಗಳನ್ನು ಸಾಬೂನಿನ ನೀರಲ್ಲಿ ಒರೆಸಿ, ನಯವಾದ ಪಾಲಿಶ್ ಕಾಗದದಿಂದ ಉಜ್ಜಿದಳು. ಕಪಾಟನ್ನು ಅಡ್ಡ ಮಲಗಿಸಿ ಮೇಲೊಂದು ಹಂಚಿನ ಚೂರು ಅಂಟಿಸಿದಳು. ಅಡಿಗೆಯ ಕಟ್ಟೆ ಆಯಿತು. ಮಂಚ ಬಿಚ್ಚಿ ಪಟ್ಟಿಗಳಿಂದ ತಟ್ಟೆ ಇಡುವ ಗೂಡು ಮಾಡಿದಳು. ನಾಲ್ಕು ಕಾಲು, ತಲೆಹಲಗೆ ಉಳಿದವು. ಮೇಜಿನ ಆ ಕಡೆ ಮೂರು ಕುರ್ಚಿ, ಈ ಕಡೆ ಮೂರು. ಮಣೆಗೆ ಜಾಗ ಸಿಗಲಿಲ್ಲ. ಬಾಗಿಲ ಹೊರಗೆ, ಹೊಸ್ತಿಲಿಗೆ ಒತ್ತಿ ಅಂಟಿಸಿದಳು. ಒಳ್ಳೆಯ ಮೆಟ್ಟಿಲಾಗಿ ಕಂಡಿತು.

ರಾತ್ರಿ ಎರಡರ ಹೊತ್ತಿಗೆ... ಟಕ್.

ಒಣ ಕಡ್ಡಿ ಮುರಿದಂಥ ಒಂದೇ ಸದ್ದು. ಬೆಳಿಗ್ಗೆ ನೋಡಿದರೆ ಮಣೆ ಹೊಸ್ತಿಲಲ್ಲಿಲ್ಲ. ಕೋಣೆಯ ಒಳಗೆ, ಮೇಜಿನ ತಲೆಯ ಕಡೆ, ಖಾಲಿ ನೆಲದ ಮೇಲೆ ಕೂತಿದೆ.

ಅಂಟು ಸರಿಯಾಗಿ ಒಣಗಿಲ್ಲ ಎಂದುಕೊಂಡು ಸೋಮವಾರ ಮತ್ತೆ ಅಂಟಿಸಿದಳು. ಟಕ್. ಮಂಗಳವಾರ ಎರಡು ಸಣ್ಣ ಮೊಳೆ ಹೊಡೆದಳು. ಇಲಿಯೋ ಏನೋ ಎಂದು ಗೊಂಬೆ ಮನೆಯ ಸುತ್ತ ಜೋಳದ ಹಿಟ್ಟು ಉದುರಿಸಿ, ಕೋಣೆಗೆ ಬೀಗ ಹಾಕಿದಳು. ಬೆಳಿಗ್ಗೆ ಬೀಗ ಹಾಗೇ ಇತ್ತು. ಹಿಟ್ಟಿನಲ್ಲಿ ಒಂದು ಗೀರೂ ಇರಲಿಲ್ಲ. ಮಣೆ ಮೇಜಿನ ತಲೆಯಲ್ಲಿ. ಮೊಳೆಗಳು ಹೊಸ್ತಿಲ ಹೊರಗೆ, ಸೊಟ್ಟಾಗದೆ, ಒಂದರ ಪಕ್ಕ ಒಂದು.

ಜಾಯ್ಸ್ ಅತ್ತಿಗೆ ಫೋನ್ ಮಾಡಿದಳು. "ಅತ್ತಿ, ಈ ಡಬ್ಬ್ಯಾಗಿನ ಮಣಿ ಯಾರ್ದ್ರಿ?"

"ಫೋನ್‌ನ್ಯಾಗ ಬ್ಯಾಡ. ಶನಿವಾರ ಬರ್ತೇನಿ."

ಶನಿವಾರ ಸಂಜೆ ಅತ್ತಿ ಬಂದರು. ನಿವೃತ್ತ ಶಿಕ್ಷಕಿ; ಚಪ್ಪಲಿ ಬಿಡುವ ಮೊದಲೇ ಆಜ್ಞೆ.

"ಅದನ್ನ ಒಲ್ಯಾಗ ಹಾಕು."

"ನಮ್ಮ ಮನ್ಯಾಗ ಒಲಿ ಎಲ್ಲೈತ್ರಿ? ಗ್ಯಾಸ್ ಐತಿ."

"ಚಾಷ್ಟಿ ಸಾಕು. ಮೆಲ್ಲಗ ಮಾತಾಡು."

"ಯಾರ್ದಂತ ಹೇಳ್ರಿ ಮೊದ್ಲ."

ಅತ್ತಿ ಬಾಗಿಲು ಮುಂದೆ ಮಾಡಿದರು. ದನಿ ಇಳಿಸಿದರು. "ಮುತ್ತವ್ವ ಅನ್ನಾಕಿದು. ನಮ್ಮಪ್ಪನ ಅವ್ವ."

"ಆಕಿ ಸಾಲ್ಯಾಗ ಕಲಸೂ ಅಕ್ಕೋರಿದ್ದಳು ಅಂದಿದ್ರಿ."

"ಅಂದಿದ್ದೆ..." ಅತ್ತಿ ನೆಲ ನೋಡಿದರು. "ಆ ಬಾವಿ ಇರೂ ಬಂಗಲೇದಾಗ ಆಯಾ ಇದ್ದಳು. ಇಪ್ಪತ್ತೆರಡು ವರ್ಷ. ಮೇಜಿನ ಮ್ಯಾಲೆ ಮಂದಿ ಹುಡುಗರಿಗೆ ಉಣಸೂದು. ತಾನು ಹೊಸ್ತಿಲದಾಚೆ ಮಣಿ ಹಾಕ್ಕೊಂಡು ಉಣ್ಣೂದು. ಅಜ್ಜ ಆ ಕೋಣಿ ನೋಡಿನ ಈ ಸಾಮಾನು ಮಾಡಿದ. 'ನನ್ನ ಕುರ್ಚಿ ಎಲ್ಲೈತಿ?' ಅಂತ ಕೇಳಿದಳಂತ. ನಕ್ಕೋತ ಈ ಮಣಿ ಮಾಡಿ ಕೊಟ್ಟನಂತ."

"ಆಮ್ಯಾಲೆ? ನಮ್ಮ ಮನ್ಯಾಗ?"

"ನಾವೂ ಅಷ್ಟ. ಪಾಸ್ಟರು ಬಂದ್ರ ಆಕಿನ್ನ ಅಡಿಗಿಮನ್ಯಾಗ ಕುಂಡ್ರಸ್ತಿದ್ವಿ."

ಜಾಯ್ಸ್ ಗೊಂಬೆ ಮನೆಯ ಹೊಸ್ತಿಲು ನೋಡಿದಳು. ಮೊಳೆಯ ಎರಡು ತೂತು. ಅವಳೂ ಮಣೆಯನ್ನು ಅಲ್ಲಿಗೇ ಬಡಿದಿದ್ದಳು. ಮೆಟ್ಟಿಲು ಅಂತ. ತುಳಿಯಲು.

"ಚರ್ಚಿನ ಇಡೀ ಸಭಾ ನೋಡತೈತಿ," ಎಂದರು ಅತ್ತಿ. "ಗೊಂಬಿ ಮನಿ ಮುಂದಿಡೂ ಚೀಟ್ಯಾಗ ಅಜ್ಜನ ಹೆಸರಷ್ಟ ಬರಿ. ಮಣಿ ಸುಟ್ಟುಬಿಡು." ಪರ್ಸಿನಿಂದ ಕಡ್ಡಿಪೆಟ್ಟಿಗೆ ತೆಗೆದರು. ಮನೆಯಿಂದಲೇ ತಂದಿದ್ದರು.

ಜಾಯ್ಸ್ ಮಣೆಯನ್ನು ಮುಷ್ಟಿಯಲ್ಲಿ ಹಿಡಿದಳು. "ಸುಡೂದಿಲ್ರಿ."

"ಜಾಯ್ಸ್!"

"ಆಕಿ ಕೇಳಿದ್ದು ಕುರ್ಚಿ. ಕುರ್ಚಿನ ಕೊಡ್ತೇನಿ. ಚೀಟ್ಯಾಗ ಆಕಿ ಹೆಸರೂ ಬರೀತೇನಿ. ಆಯಾ ಅಂತನ ಬರೀತೇನಿ."

"ಆಯಾ ಮೇಜಿನ ತಲಿಗೆ ಕುಂದರ್ತಾಳೇನು?"

"ಕುಂದರ್ತಾಳ. ಸೇರಲಿಲ್ಲಂದ್ರ ನೀವು ನೆಲದ ಮ್ಯಾಲೆ ಕುಂದರ್ರಿ ಅತ್ತಿ."

ಅತ್ತಿ ಕಡ್ಡಿಪೆಟ್ಟಿಗೆಯನ್ನು ಕಿಟಕಿಯಲ್ಲಿಟ್ಟರು.

ಜಾಯ್ಸ್ ಆಗಲೇ ಕೆಲಸಕ್ಕೆ ಕುಳಿತಳು. ಮಂಚದ ನಾಲ್ಕು ಕಾಲನ್ನು ಉಳಿದ ಕುರ್ಚಿಗಳ ಅಳತೆಗೆ ಕೊಯ್ದಳು. ಮಣೆಯ ಅಡಿಗೆ ಅಂಟಿಸಿದಳು. ತಲೆಹಲಗೆಯಿಂದ ಬೆನ್ನು ಕತ್ತರಿಸಿದಳು, ಉಳಿದವಕ್ಕಿಂತ ಎರಡು ಮಿಲಿಮೀಟರ್ ಎತ್ತರ. ಬೇಕೆಂದೇ. ಒಣಗಿದ ಮೇಲೆ ಮೇಜಿನ ತಲೆಗೆ ಇಟ್ಟಳು. ಅದನ್ನು ಮಾತ್ರ ನೆಲಕ್ಕೆ ಅಂಟಿಸಲಿಲ್ಲ.

ಬಾವಿಯ ಹತ್ತಿರದ ಆ ಭಾರ ಅವಳ ತಲೆಯಿಂದ ಹೋಗಿರಲಿಲ್ಲ. ಮಲಗುವ ಮೊದಲು ಗೊಂಬೆ ಮನೆಯನ್ನು ಎತ್ತಿ, ಮನುಷ್ಯರು ಹತ್ತಿ ನಿಲ್ಲುವ ತೂಕದ ಯಂತ್ರದ ಮೇಲೆ ಇಟ್ಟಳು. ಮುಳ್ಳು ನಾಲ್ಕು ಕಿಲೋಗೆ ನಿಂತಿತು. ಬರೆದುಕೊಂಡು, ಗೊಂಬೆ ಮನೆಯನ್ನು ಅದರ ಮೇಲೇ ಬಿಟ್ಟಳು.

ಇಬ್ಬರೂ ಅದೇ ಕೋಣೆಯಲ್ಲಿ ಮಲಗಿದರು. ದೀಪ ಆರಿತು.

ಎರಡು ಗಂಟೆ ದಾಟಿತ್ತು. ಟಕ್ ಸದ್ದಿಗೆ ಕಾಯುತ್ತಿದ್ದರು. ಅದು ಬರಲಿಲ್ಲ. ಬೇರೆ ಬಂತು...

ಗರ್ರ್ರ್.

ಕುರ್ಚಿ ಎಳೆದ ಸದ್ದು. ಆಟಿಗೆ ಕುರ್ಚಿಯದ್ದಲ್ಲ. ಮನುಷ್ಯರು ಕೂರುವ ಭಾರೀ ಕುರ್ಚಿಯನ್ನು ಕಲ್ಲಿನ ನೆಲದ ಮೇಲೆ ಎಳೆದ ಸದ್ದು. ಆಮೇಲೆ ಬಳೆ ಜಾರಿದ ಕಿಣಿ ಕಿಣಿ. ಆಮೇಲೆ ಮೊಣಕಾಲು ನೋಯುವ ಮುದುಕಿ ಕೂತಾಗ ಬಿಡುವ ಉಸಿರು... ಹೂಂ.

"ಪ್ರಾರ್ಥನಿ ಮಾಡು," ಅತ್ತಿ ಪಿಸುಗುಟ್ಟಿದರು.

"ಊಟದ ಪ್ರಾರ್ಥನಿ ಮಾಡ್ರಿ ಅತ್ತಿ," ಎಂದಳು ಜಾಯ್ಸ್. ಎದ್ದು ಕುಳಿತು ಕತ್ತಲೆಗೆ ಹೇಳಿದಳು: "ಅಜ್ಜಿ, ಸಾವಕಾಶ ಉಣ್ರಿ. ಯಾರ ಬಂದ್ರೂ ಏಳಬ್ಯಾಡ್ರಿ."

ಟಿಂಗ್. ಚಮಚ ತಟ್ಟೆಗೆ ತಾಗಿತು.

ಆಗ ಅವಳು ದೀಪ ಹಾಕಿದಳು. ಗಂಟೆ ಎರಡೂ ಹತ್ತು. ಕೋಣೆಯಲ್ಲಿ ಯಾರೂ ಇಲ್ಲ. ಏಳು ಕುರ್ಚಿ ತಮ್ಮ ತಮ್ಮ ಜಾಗದಲ್ಲಿ. ಜಾಯ್ಸ್ ಬಗ್ಗಿ ಯಂತ್ರದ ಮುಳ್ಳು ನೋಡಿದಳು. ಅತ್ತಿಯನ್ನೂ ಕರೆದು ತೋರಿಸಿದಳು. ಅವರು ನೋಡುತ್ತಿದ್ದಂತೆ ಮುಳ್ಳು ನಿಧಾನವಾಗಿ ನಾಲ್ಕಕ್ಕೆ ಇಳಿಯಿತು.

ಬೆಳಿಗ್ಗೆ ಚೀಟಿ ಬರೆದದ್ದು ಜಾಯ್ಸ್ ಅಲ್ಲ. ಅತ್ತಿ. ದುಂಡನೆಯ ಶಾಲೆಯ ಅಕ್ಷರ: 'ಮೇಜಿನ ತಲೆಗೆ ಕುಳಿತವರು ಮುತ್ತವ್ವ, ಆಯಾ, ನನ್ನ ಅಜ್ಜಿ.' ಕ್ರಿಸ್‌ಮಸ್ಸಿನಲ್ಲಿ ನಾನೂ ಓದಿದ್ದೇನೆ. ಕಡ್ಡಿಪೆಟ್ಟಿಗೆ ಜಾಯ್ಸ್‌ನ ಮನೆಯಲ್ಲೇ ಉಳಿಯಿತು.

ಯಂತ್ರ ಕೆಟ್ಟಿರಬೇಕು ಎನ್ನುತ್ತೀರಿ. ನಾನೂ ಅಂದೆ. ಹತ್ತಿ ನಿಂತು ನೋಡಿದೆ. ನನ್ನ ತೂಕ ಸರಿಯಾಗಿಯೇ ತೋರಿಸಿತು. ಜಾಯ್ಸ್‌ನ ನೋಟ್‌ಬುಕ್ಕೂ ನೋಡಿದೆ. ಎರಡೂ ಹತ್ತರ ಮುಂದೆ ಬರೆದದ್ದು ನಲವತ್ತೊಂದು. ಕೆಳಗೆ ಅತ್ತಿಯ ಸಹಿ. ಗೊಂಬೆ ಮನೆಯ ನಾಲ್ಕು ಕಳೆದರೆ ಮೂವತ್ತೇಳು ಕಿಲೋ.