ಕೂಗುಗುಂಡಿ

ಬಡಾವಣೆಯ ಸಂಘದ ಅಧ್ಯಕ್ಷರಾದ ಕೆಂಪರಾಜ್ ಅವರೇ, ವೇದಿಕೆಯ ಮೇಲಿರುವ ಹಿರಿಯರೇ, ಸೂಲಿಬೆಲೆಯಿಂದ ಬಂದಿರುವ ಅತಿಥಿಗಳೇ, ಸಭಿಕರೇ, ಮುಂದಿನ ಸಾಲಿನಲ್ಲಿ ಕೂತಿರುವ ನಮ್ಮ ಅತ್ತೆ ಅಮ್ಮಯಮ್ಮನವರೇ,

ನಾನು ಚಂದ್ರನ ನಕ್ಷೆಗಳ ಮೇಲೆ ಕೆಲಸ ಮಾಡುವವಳು. ಓದಿದ್ದೆಲ್ಲ ಇಂಗ್ಲಿಷಿನಲ್ಲಿ, ಕನ್ನಡದಲ್ಲಿ ಭಾಷಣ ಇದೇ ಮೊದಲು. ತಪ್ಪಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಚಂದ್ರನ ದೊಡ್ಡ ಕುಳಿಗಳಿಗೆ ವಿದ್ವಾಂಸರ ಹೆಸರುಗಳಿವೆ. ಗಗನಯಾತ್ರಿಗಳು ಇಳಿದ ಜಾಗಗಳ ಸುತ್ತಲಿನ ಸಣ್ಣ ಕುಳಿಗಳ ಕಥೆ ಬೇರೆ. ನಡೆಯುವವರಿಗೆ ಗುರುತು ಬೇಕಿತ್ತು. ಒಂದನ್ನು ಬೆಂಚು ಎಂದರು, ಒಂದನ್ನು ಬಾವುಟ ಎಂದರು, ಇನ್ನೊಂದಕ್ಕೆ ಹಣ್ಣಿನ ಹೆಸರಿಟ್ಟರು. ಆಮೇಲೆ ಅಂಥ ಎಷ್ಟೋ ಹೆಸರುಗಳು ನಕ್ಷೆಗೆ ಸೇರಿದವು. ಆದರೂ ಒಮ್ಮೆ ಇಬ್ಬರು ಒಂದು ಕುಳಿಯ ಅಂಚನ್ನು ಹುಡುಕುತ್ತ ಏರು ಹತ್ತಿ, ತೀರ ಹತ್ತಿರ ಹೋಗಿ, ಅದು ಕಾಣದೆ ವಾಪಸಾದರು. ಎಲ್ಲ ಕಡೆಯೂ ಒಂದೇ ಬೂದು ಬಣ್ಣ. ಕೂಗಿದರೆ ಕೇಳಿಸಲು ಅಲ್ಲಿ ಗಾಳಿಯೂ ಇಲ್ಲ.

ಇಂದು ನಾವು ಉದ್ಘಾಟಿಸುತ್ತಿರುವ ಈ ಉದ್ಯಾನದ ನಡುವೆಯೂ ಒಂದು ತಗ್ಗು ಇದೆ. ಮಕ್ಕಳು ಅದರೊಳಗೆ ಸೈಕಲ್ ಇಳಿಸುವುದನ್ನು ನೋಡಿದ್ದೀರಿ. ಕಳೆದ ವಾರ ಕೆಂಪರಾಜ್ ಅವರು ಫೋನ್ ಮಾಡಿ, "ಮೇಡಂ, ಚಂದ್ರನ್ ಗುಂಡಿಗೆಲ್ಲ ಹೆಸ್ರು ಹುಡುಕ್ತೀರ. ನಮ್ ಪಾರ್ಕಿಗೆ ನಿಮ್ ಹೆಸ್ರೇ ಇಟ್ಬಿಡಾಣ. ಊರ ಸೊಸೆ ಅಲ್ವಾ ನೀವು" ಎಂದರು. ಬೇಡ ಎನ್ನಬೇಕಿತ್ತೇ? ಎನ್ನಲಿಲ್ಲ. ಖುಷಿಯಾಗಿತ್ತು. ಚಂದ್ರನ ಮೇಲೆ ಸಾಮಾನ್ಯವಾಗಿ ತೀರಿಕೊಂಡವರ ಹೆಸರಿಡುವುದು. ನನಗೆ ಇಲ್ಲೇ, ಬದುಕಿರುವಾಗಲೇ ಸಿಗುತ್ತಿದೆಯಲ್ಲ ಎಂದುಕೊಂಡೆ.

ನಿನ್ನೆ ಅವರೆಕಾಯಿ ಬಿಡಿಸುತ್ತ ಅತ್ತೆಯ ಕಿವಿಯ ಹತ್ತಿರ ಇದನ್ನು ಹೇಳಿದೆ. ಅವರು ತಲೆ ಎತ್ತಲಿಲ್ಲ. "ಆ ತಗ್ಗಿಗೆ ಹೆಸ್ರು ಐತಲ್ಲವ್ವಾ. ಕೂಗುಗುಂಡಿ" ಎಂದರು.

ಅವರು ಮದುವೆಯಾಗಿ ಬಂದ ಹೊಸತು. ಆಗ ಇಲ್ಲೆಲ್ಲ ರಾಗಿ ಹೊಲ. ಕೊಯ್ಲಿನ ದಿನ ಬುತ್ತಿ ಹೊತ್ತು ಹೊರಟವರು ಮಂಜಿನಲ್ಲಿ ದಾರಿ ತಪ್ಪಿ ಈ ತಗ್ಗಿಗೆ ಇಳಿದಿದ್ದಾರೆ. ಸುತ್ತ ಬರೀ ಬಿಳಿ. ಮಾವ ಅಲ್ಲೇ ಎಲ್ಲೋ ಇದ್ದರು.

"ಗಂಡನ್ ಹೆಸ್ರು ಹೇಳಂಗಿಲ್ವಲ್ಲ. ಬರೀ 'ಓ' ಅಂತ ಕೂಗ್ದೆ. ಹೊಲ್ದಲ್ಲಿದ್ದ ಗಂಡಸ್ರೆಲ್ಲ ಬಂದ್ಬಿಟ್ರು. ನಿಮ್ಮಾವ ಕೊನೇಗೆ ಬಂದ್ರು, ನಗ್ತಾ."

ಅಂದಿನಿಂದ ಊರೇ ಇದನ್ನು ಹಾಗೆ ಕರೆಯಿತಂತೆ. ಹೊಲಗಳು ಸೈಟುಗಳಾದ ಮೇಲೆ ಕರೆಯುವವರು ಇಲ್ಲವಾದರು. ಇಷ್ಟು ದಿನ ಏಕೆ ಹೇಳಲಿಲ್ಲ ಎಂದೆ. ಕೇಳಿದವರು ಯಾರು ಎಂದರು. ಆಮೇಲೆ, ಕಾಳು ಆಯುತ್ತ, "ನಿನ್ ಹೆಸ್ರೂ ಚೆನ್ನಾಗೈತೆ, ಇಡ್ಸ್ಕೋ" ಎಂದರು.

ಸೊಸೆಯಾಗಿ ಬಂದಾಗಿನಿಂದ ನಾನು ಈ ತಗ್ಗಿನ ಪಕ್ಕದಲ್ಲೇ ಕಾರು ನಿಲ್ಲಿಸುತ್ತಿದ್ದೇನೆ. ನಾನೂ ಅಂಚಿನವರೆಗೆ ಬಂದು ವಾಪಸಾದವಳೇ ಅಲ್ಲವೇ?

ಫಲಕದ ಮೇಲಿನ ಬಟ್ಟೆಯನ್ನು ಇಂದು ನಾನು ಎಳೆಯುವುದಿಲ್ಲ. ಪೇಂಟರ್ ಮುನೀಂದ್ರ ಅವರು ನನ್ನ ಹೆಸರನ್ನು ಬಹಳ ಚೆನ್ನಾಗಿ ಬರೆದಿದ್ದಾರಂತೆ. ಅವರು ಕ್ಷಮಿಸಬೇಕು, ಕೆಂಪರಾಜ್ ಅವರು ಒಪ್ಪಬೇಕು. ಅದರ ಮೇಲೆ ಬಣ್ಣ ಹೊಡೆದು 'ಕೂಗುಗುಂಡಿ' ಎಂದು ಬರೆಸೋಣ.

ಮಕ್ಕಳೇ, ನಿಮಗೊಂದು ಕೆಲಸ. ಅತ್ತೆಗೆ ಈಗ ಕಿವಿ ಮಂದ. ನಾನು ಮೈಕಿನಲ್ಲಿ ಹೇಳಿದ್ದು ಯಾವುದೂ ಅವರಿಗೆ ಕೇಳಿಸಿರಲಾರದು. ನಾನು ಕೈಮುಗಿದ ಕೂಡಲೇ ತಗ್ಗಿಗೆ ಇಳಿದು, ಎಲ್ಲರೂ ಒಟ್ಟಿಗೆ 'ಓ' ಎಂದು ಕೂಗಿ. ಅವರು ಅತ್ತ ತಿರುಗಿದರೆ ಉದ್ಘಾಟನೆ ಆಯಿತೆಂದೇ ತಿಳಿಯೋಣ.

ಇಷ್ಟು ಹೊತ್ತು ಕೇಳಿಸಿಕೊಂಡ ನಿಮಗೆಲ್ಲ ಋಣಿ. ನಮಸ್ಕಾರ.