ಮೂರನೆಯ ಬಾವಿ

ದೆವ್ವಕ್ಕೆ ರಾತ್ರಿಯೇ ಬೇಕೆಂದಿಲ್ಲ. ಇದು ನಡುಮಧ್ಯಾಹ್ನ ಆದದ್ದು, ಕುವೈತಿನ ಮಹಬೂಲಾದಲ್ಲಿ ನಮ್ಮದೇ ಕಟ್ಟಡದ ನೌಷಾದನಿಗೆ.

ಅವನ ಕಫೀಲ್, ಅಂದರೆ ವೀಸಾ ಕೊಟ್ಟ ಅರಬಿ ಧಣಿ, ಸುಲೈಬಿಯಾದಲ್ಲಿ ಒಂದು ತೋಟ ಕೊಳ್ಳುವವನಿದ್ದ. ಇಲ್ಲಿ ನೆಲದಡಿಯ ಎಣ್ಣೆ, ಖನಿಜ ಎಲ್ಲ ಸರ್ಕಾರದ್ದು. ಕೊಂಡವನಿಗೆ ದಕ್ಕುವುದು ಮೇಲಿನ ಮರಳು ಮತ್ತು ಬಾವಿಯ ಉಪ್ಪುನೀರು ಮಾತ್ರ. ಹಾಗಾಗಿ ಬಾವಿಗಳ ದಾಖಲೆ ತೆಗೆಸಿ, ಸ್ಥಳದಲ್ಲಿ ತಾಳೆ ನೋಡಿ ಬರಲು ನೌಷಾದನನ್ನು ಕಳಿಸಿದ.

ಸುಲೈಬಿಯಾ ಎಂದರೆ ನೌಷಾದನಿಗೆ ಎದೆ ಭಾರ. ಅವನು ಕಾಕ ಎಂದು ಕರೆಯುವ ಅಣ್ಣ ಮಮ್ಮು ಅಲ್ಲಿನ ಗೋದಾಮಿನಲ್ಲಿ ಕೆಲಸಕ್ಕಿದ್ದ. ಹೋದ ವರ್ಷ ಕಾಣೆಯಾದ. ಓಡಿಹೋದ ಎಂದು ಗೋದಾಮಿನ ಮಾಲೀಕ ದೂರು ಕೊಟ್ಟ. ನೌಷಾದ ಆ ಮಾತನ್ನೇ ಹಿಡಿದುಕೊಂಡಿದ್ದ. ಓಡಿಹೋದವನು ಎಲ್ಲಾದರೂ ಬದುಕಿರುತ್ತಾನಲ್ಲ…

ಜೂನ್ ತಿಂಗಳು. ಬಿಸಿಲಿಗೆ ಹೊರಗಿನ ಕೆಲಸ ನಿಲ್ಲಿಸಿದ್ದರು. ದಾಖಲೆಯಲ್ಲಿ ಮೂರು ಬಾವಿ, ಕಣ್ಣಿಗೆ ಕಂಡದ್ದು ಎರಡು.

"ಮೂರನೆಯದು ಎಲ್ಲಿ ಮಾರಾಯ?"

ಕಾವಲುಗಾರ ತನಿಯಪ್ಪ, ಬಂಟ್ವಾಳ ಕಡೆಯವನು, ಬೇಲಿಯಾಚೆ ಕೈ ತೋರಿಸಿದ. "ಅದು ಒಣಗಿ ಹೋಯ್ತು. ಹೋದ ವರ್ಷ ಮುಚ್ಚಿಸಿದ್ರು. ನಾನೇ ಒಂದು ಪೈಪ್ ನಿಲ್ಲಿಸಿದೆ."

"ಪೈಪ್ ಎಂತಕ್ಕೆ?"

"ಊರಲ್ಲಿ ಬಾವಿ ಮುಚ್ಚುವಾಗ ಹಾಗೇ ಅಲ್ವಾ ಭಾಯಿ? ಬಾವಿಗೆ ಉಸಿರು ಬೇಡ್ವಾ? ನೀನು ಕುವೈತಿಗೆ ಬಂದು ಎಲ್ಲ ಮರೆತಿದ್ದಿ."

ನೌಷಾದ ನಕ್ಕ. ಒಬ್ಬನೇ ಹೋಗಿ ಪೈಪಿನ ಫೋಟೋ ತೆಗೆದ. ರಸ್ತೆಯ ಕಡೆಗೆ ತಿರುಗಿದ.

ಬೆನ್ನ ಹಿಂದೆ ಸಣ್ಣಗೆ… ಕೂ…ಊ.

ಕಾಲು ನಿಂತಿತು. ಕೊನೆಯಲ್ಲಿ ಒಡೆಯುವ ಆ ದನಿ… ಊರಲ್ಲಿ ಹೊಳೆಯ ಆಚೆ ದಡದಿಂದ ದೋಣಿಗಾಗಿ ಮಮ್ಮು ಹಾಕುತ್ತಿದ್ದ ಕೂಗು ಅದು.

ಬಾಯಿಗೆ ಬಂದ "ಓ" ಅನ್ನು ನುಂಗಿಕೊಂಡ. ಹೆತ್ತ ಉಮ್ಮ ಹೇಳಿಕೊಟ್ಟದ್ದು ಹಾಗೆ. ಒಂದೇ ಕೂಗಿಗೆ ಓಗೊಡಬೇಡ ಮೋನೇ, ಮನುಷ್ಯರಾದರೆ ಮೂರು ಸಲ ಕರೆಯುತ್ತಾರೆ.

ಕೂ…ಊ.

ಎರಡು. ನೌಷಾದ ಉಸಿರು ಬಿಗಿಹಿಡಿದು ಕಾದ. ಎಲ್ಲೋ ಪಂಪು ಗುಟುಗುಟು ಎನ್ನುತ್ತಿತ್ತು. ಮರಳು ಸರ್ರನೆ ಸರಿಯಿತು. ಮೂರನೆಯದು… ಬರಲಿಲ್ಲ.

ಆದರೂ ತಡೆಯಲಾಗದೆ ಓಡಿಹೋಗಿ ಬಿಸಿಲಿಗೆ ಕಾದ ಪೈಪಿಗೆ ಬಾಯಿಟ್ಟ. ತುಟಿ ಸುಟ್ಟಿತು.

"ಓ ಕಾಕ… ಓ…"

ಒಳಗಿನಿಂದ ಹುಸ್ ಎಂದು ಒಂದು ಉಸಿರು ಬಂತು. ಬಹಳ ಹೊತ್ತು ಕಾದು ಸಾಕಾದವನು ಬಿಡುವಂಥದು. ಆಮೇಲೆ ಏನೂ ಇಲ್ಲ.

ಆ ಬಾವಿ ಅಗೆಸಿ ನೋಡಿ ಎಂದು ಕಫೀಲನ ಕಾಲು ಹಿಡಿದ.

"ಒಣ ಬಾವಿಯಲ್ಲಿ ಏನಿದೆ? ಖಲಾಸ್. ಆ ಪೈಪನ್ನೂ ಮುಚ್ಚಿಸು."

ಪೊಲೀಸರ ಬಳಿಯೂ ಹೋದ. ನಿನ್ನ ಅಣ್ಣ ಓಡಿಹೋದವನಲ್ಲವೇ ಎಂದರು.

ಆ ವಾರವೇ ತೋಟದ ವ್ಯಾಪಾರ ಮುಗಿಯಿತು. ತನಿಯಪ್ಪ ಪೈಪಿನ ಬಾಯಿಗೆ ಸಿಮೆಂಟು ತುಂಬಿದ. ರಾತ್ರಿ ಊರಿಂದ ಉಮ್ಮನ ಫೋನ್ ಬಂತು.

"ಮಮ್ಮುವಿನ ಸುದ್ದಿ ಏನಾದರೂ ಉಂಟಾ ಮೋನೇ?"

"ಎಲ್ಲೋ ಇದ್ದಾನೆ ಉಮ್ಮ…" ಎಂದು ಪಿಸುಗುಟ್ಟಿದ.

ನಂಬದವರು ನಂಬಬೇಡಿ. ಆದದ್ದಂತೂ ನಿಜ. ಈ ಶುಕ್ರವಾರ ನೌಷಾದ ನನ್ನನ್ನೂ ಅಲ್ಲಿಗೆ ಕರೆದುಕೊಂಡು ಹೋದ. ಕಲ್ಲು ಬಿರಿಯುವ ಆಗಸ್ಟ್ ಬಿಸಿಲು. ಪೈಪಿನ ಬಾಯಿಗೆ ಬೆರಳಿಟ್ಟು ನೋಡಿದೆ.

ಎರಡು ತಿಂಗಳ ಹಿಂದೆ ತುಂಬಿದ ಸಿಮೆಂಟು, ಒಳಗಿನ ಉಸಿರಿಗೋ ಎಂಬಂತೆ, ಇನ್ನೂ ಹಸಿಯಾಗಿತ್ತು.