ಥಾರ್ನ್‌ಬಿಯವರ ಕತ್ತು, ಬಾಣಾವರದ ರೈಲು

ಮಾನ್ಯ ಅಧ್ಯಕ್ಷರಾದ ಶ್ರೀ ಸುಂದರರಾಜರವರೇ, ಇಂದಿನ ಸನ್ಮಾನಿತರೂ ಇಂಗ್ಲೆಂಡಿನ ರಗ್ಬಿ ಆಟಗಾರರೂ ಆದ ಶ್ರೀ ಥಾರ್ನ್‌ಬಿಯವರೇ, ಅವರ ಪಕ್ಕದಲ್ಲಿ ಕೂತು ನನ್ನ ಮಾತನ್ನು ಇಂಗ್ಲಿಷಿನಲ್ಲಿ ಅವರ ಕಿವಿಗೆ ಮುಟ್ಟಿಸುತ್ತಿರುವ ದೇವಸ್ಥಾನದ ಗೈಡ್ ವಿಷ್ಣುವೇ, ಮಕ್ಕಳೇ, ಪೋಷಕರೇ, ಸಭಿಕರೇ, ಹಾಗೂ ಹೊರಗೆ ಜೀಪಿನಲ್ಲಿ ಕೂತು ಹಾರನ್ ಹೊಡೆಯುತ್ತಿರುವ ಹೊನ್ನಯ್ಯನವರೇ, ಸ್ವಲ್ಪ ತಡೆಯಿರಿ ಸ್ವಾಮಿ. ಬರುತ್ತೇವೋ ಇಲ್ಲವೋ ಇನ್ನೂ ತೀರ್ಮಾನವಾಗಿಲ್ಲ.

ಅತಿಥಿಗಳ ಪರಿಚಯ ಮಾಡುವ ಭಾಗ್ಯ ನನ್ನದಾಗಿದೆ. ಈ ಶಾಲೆಯ ಆಟದ ಮೇಷ್ಟ್ರು ಕಲ್ಲೇಶಪ್ಪನಿಗೆ ಸಾಮಾನ್ಯವಾಗಿ ಯಾರೂ ಮೈಕು ಕೊಡುವುದಿಲ್ಲ, ಪೀಪಿ ಕೊಡುತ್ತಾರೆ. ಪೀಪಿಯಾದರೆ ಒಂದೇ ಉಸಿರಿಗೆ ಮುಗಿಯುತ್ತದೆ. ಮೈಕು ಹಾಗಲ್ಲ, ಏನೇನನ್ನೋ ಹೇಳಿಸುತ್ತದೆ.

ರಗ್ಬಿ ಎಂದರೇನು? ಕಳೆದ ಆಷಾಢದವರೆಗೆ ನನಗೂ ಗೊತ್ತಿರಲಿಲ್ಲ. ಚೆಂಡು ಮೊಟ್ಟೆಯಾಕಾರ. ಓಡುವುದು ಮುಂದಕ್ಕೆ, ಆದರೆ ಕೈಯಿಂದ ಚೆಂಡನ್ನು ಮುಂದಕ್ಕೆ ಎಸೆಯುವಂತಿಲ್ಲ. ಎರಡೂ ಕಡೆಯವರು ಬಗ್ಗಿ, ತಲೆ ಕೊಟ್ಟು, ಹೆಗಲು ಕೊಟ್ಟು ತಳ್ಳುವ ಒಂದು ಘಟ್ಟವಿದೆ. ಅದರ ಮುಂದಿನ ಸಾಲಿನಲ್ಲಿ ಇವರು ನಿಲ್ಲುತ್ತಿದ್ದರು. ಆ ಕಿವಿಗಳು ಹಾಗೆ ಊದಿ ಮುದುಡಿಕೊಂಡದ್ದು ಅದರಿಂದಲೇ. ಮಕ್ಕಳೇ, ನಗಬೇಡಿ. ಪೇಟ ತೊಡಿಸುವವರು ಕಿವಿ ನೋಡಿಕೊಂಡು ತೊಡಿಸಿ.

ಇವರು ವಾರವೆಲ್ಲ ಕೊಳಾಯಿ ರಿಪೇರಿ ಮಾಡಿ ಶನಿವಾರ ಆಡುತ್ತಿದ್ದರು. ಆಗ ಆ ಆಟಕ್ಕೆ ಸಂಬಳವಿರಲಿಲ್ಲ. ತೊಂಬತ್ತೈದರಲ್ಲಿ ಸಂಬಳ ಕೊಡಬಹುದು ಎಂದಾದ ಮೇಲೆ ಸ್ಪ್ಯಾನರ್ ಕೆಳಗಿಟ್ಟರು. ಇಂಗ್ಲೆಂಡ್ ತಂಡದ ಬಿಳಿ ಅಂಗಿಯನ್ನೂ ತೊಟ್ಟರು. ಅದಾಗಿ ಎರಡನೆಯ ಚಳಿಗಾಲಕ್ಕೆ, ಒಂದು ಪಂದ್ಯದಲ್ಲಿ, ಆ ಸಾಲು ಕುಸಿದು ಇವರ ಕತ್ತಿನ ಮೂಳೆ ಮುರಿಯಿತು. ಅಲ್ಲಿಗೆ ಆಟ ಮುಗಿಯಿತು. ಇದನ್ನು ಇವರು ಹೇಳಿದಾಗ ವಿಷ್ಣು ಮೆಲ್ಲಗೆ ಕನ್ನಡ ಮಾಡಿದ: "ಹುಲ್ಲಿನ ವಾಸನೆ ಬರ್ತಿತ್ತಂತೆ ಸಾರ್. ಕೈ ಎಲ್ಲಿದೆ ಅಂತ ಗೊತ್ತಾಗ್ತಿರ್ಲಿಲ್ವಂತೆ."

ಇದನ್ನು ಇಲ್ಲಿ ಹೇಳಬಾರದಿತ್ತು. ಮೂರನೆಯ ಸಾಲಿನಲ್ಲಿ ನನ್ನ ಮಗಳು ಕಾವ್ಯಶ್ರೀ ತೊಡೆಯ ಮೇಲೆ ಬ್ಯಾಗಿಟ್ಟುಕೊಂಡು ಕೂತಿದ್ದಾಳೆ. ನಾಳೆ ಧಾರವಾಡದಲ್ಲಿ ರಾಜ್ಯ ಕಬಡ್ಡಿ ತಂಡದ ಆಯ್ಕೆ. ಇವತ್ತು ಸಂಜೆ ಬಾಣಾವರದಲ್ಲಿ ರೈಲು ತಪ್ಪಿದರೆ ಆಯ್ಕೆಯೂ ತಪ್ಪಿತು. ನಾನು ಹೋಗು ಎಂದಿಲ್ಲ, ಬೇಡ ಎಂದೂ ಇಲ್ಲ. "ಸಮಾರಂಭ ಮುಗೀಲಿ ಕಣಮ್ಮ, ನೋಡೋಣ" ಎಂದಿದ್ದೇನೆ. ಪಕ್ಕದಲ್ಲಿ ಅವಳ ತಾಯಿ ಪುಟ್ಟಲಕ್ಷ್ಮಮ್ಮ ನನ್ನನ್ನು ನೋಡುತ್ತಿರುವ ರೀತಿಯನ್ನು ಸಭಿಕರು ದಯವಿಟ್ಟು ತಿರುಗಿ ನೋಡಬೇಡಿ.

ನಾನೂ ಕಬಡ್ಡಿ ಆಡಿದವನೇ. ಜಿಲ್ಲಾ ತಂಡದಲ್ಲಿದ್ದೆ. ಅರಸೀಕೆರೆಯ ಪಂದ್ಯದಲ್ಲಿ ಎಲ್ಲರೂ ನನ್ನ ಮೇಲೆ ಬಿದ್ದರು. ಎಲ್ಲರೂ ಎದ್ದರು, ನನ್ನ ಮಂಡಿ ಏಳಲಿಲ್ಲ. ಇವತ್ತಿಗೂ ಮೆಟ್ಟಿಲು ಇಳಿಯಬೇಕಾದರೆ ಗೋಡೆ ಹಿಡಿಯುತ್ತೇನೆ. ಮಂಡಿಯ ಪಾಡೇ ಇಷ್ಟಾದರೆ ಕತ್ತಿನ ಪಾಡೇನು? ಹೆತ್ತ ಕರುಳು ಸುಮ್ಮನಿರುತ್ತದೆಯೇ? ನೀವಾದರೆ ಸುಮ್ಮನಿರುತ್ತಿದ್ದಿರಾ?

ಎಲ್ಲಿದ್ದೆ? ಹಾಂ, ಥಾರ್ನ್‌ಬಿಯವರು. ಇವರ ಶ್ರೀಮತಿಯವರು ಹೊಯ್ಸಳೇಶ್ವರನ ಗೋಡೆಯ ಶಿಲ್ಪಗಳ ಚಿತ್ರ ಬರೆಯಲೆಂದು ಹಳೇಬೀಡಿಗೆ ಬಂದವರು. ಆ ತಾಯಿ ಒಂದು ಆನೆಯ ಮುಂದೆ ಇಡೀ ದಿನ ಕೂರಬಲ್ಲರು. ಇವರಿಗೆ ಕೂರಲು ಬರುವುದಿಲ್ಲ. ಹುಲಿಕೆರೆ ದಾರಿಯಲ್ಲಿ ಹೋಗಿ ಬಂದು, ಬಂದು ಹೋಗಿ, ಒಂದು ಸಂಜೆ ನಮ್ಮ ಮೈದಾನದ ಬೇಲಿ ದಾಟಿದರು. ಔಟಾಗಿ ಹೊರಗೆ ಕೂತಿದ್ದ ಹುಡುಗಿ ಎದ್ದು ಮತ್ತೆ ಒಳಗೆ ಹೋದದ್ದನ್ನು ಕಂಡು, ಇದು ಮೋಸ ಎಂದು ಜಗಳಕ್ಕೇ ನಿಂತರು. ಮೋಸವಲ್ಲ, ತಂಡದವರು ಎದುರಾಳಿಯನ್ನು ಹಿಡಿದರೆ ಹೊರಗೆ ಕೂತವರಿಗೆ ಮತ್ತೆ ಜೀವ ಬರುತ್ತದೆ, ಕಬಡ್ಡಿಯಲ್ಲಿ ಹಾಗೇ ಎಂದು ಜೊತೆಗೆ ಬಂದಿದ್ದ ವಿಷ್ಣು ವಿವರಿಸಿದ. ನಿಜವಾಗಿಯೂ ಒಳಗೆ ಬರಬಹುದೇ ಎಂದು ಮತ್ತೆ ಮತ್ತೆ ಕೇಳಿದರು. ಆಮೇಲೆ ಬೇಲಿಯ ಕಡೆ ತಿರುಗಿ ಕಣ್ಣೊರೆಸಿಕೊಂಡರು. ನಾನು ನೋಡದವನ ಹಾಗೆ ಪೀಪಿ ಊದಿದೆ.

ಅಂದಿನಿಂದ ಇವರು ನಮ್ಮ ಹುಡುಗಿಯರಿಗೆ ಬೀಳುವುದನ್ನು ಕಲಿಸಿದರು. ಹಿಡಿಯುವಾಗ ತಲೆ ಎಲ್ಲಿರಬೇಕು, ಬಿದ್ದಾಗ ಭುಜ ಹೇಗೆ ಉರುಳಬೇಕು ಎಂದು ತಾವೇ ಮಣ್ಣಿನಲ್ಲಿ ಕೂತು ತೋರಿಸಿದರು. ಕಾವ್ಯಶ್ರೀ ಎಲ್ಲರಿಗಿಂತ ಚೆನ್ನಾಗಿ ಬೀಳುತ್ತಾಳೆ ಎಂದರು. ಇದಕ್ಕೆ ಅಪ್ಪನಾದವನು ಹೆಮ್ಮೆಪಡಬೇಕೋ ಹೆದರಬೇಕೋ, ಅಧ್ಯಕ್ಷರೇ, ನೀವೇ ಹೇಳಿ.

ನಿನ್ನೆ ತಡೆಯಲಾಗದೆ ಕೇಳಿಬಿಟ್ಟೆ: ನಿಮಗೊಬ್ಬಳು ಮಗಳಿದ್ದಿದ್ದರೆ, ಇಷ್ಟೆಲ್ಲ ಆದ ಮೇಲೂ ಆಡಲು ಕಳಿಸುತ್ತಿದ್ದಿರಾ? ಇಲ್ಲ ಎಂದಿದ್ದರೆ ನನ್ನ ಎದೆ ಹಗುರವಾಗುತ್ತಿತ್ತು. ಇವರು ತಮ್ಮ ತಾಯಿಯ ವಿಷಯ ತೆಗೆದರು. ಆಕೆ ಮಗನ ಪ್ರತಿ ಪಂದ್ಯಕ್ಕೂ ಬಂದು ಮೈದಾನಕ್ಕೆ ಬೆನ್ನು ಮಾಡಿ ಕೂರುತ್ತಿದ್ದರಂತೆ. ಕತ್ತು ಮುರಿದ ದಿನವೂ ಹಾಗೇ ಕೂತಿದ್ದರು. ಜನ ಇದ್ದಕ್ಕಿದ್ದಂತೆ ಮೌನವಾದದ್ದರಿಂದಲೇ ತಿಳಿದು, ಎದ್ದು, ಡಾಕ್ಟರಿಗಿಂತ ಮೊದಲು ಮಗನ ಹತ್ತಿರ ಬಂದು ಕೂತರಂತೆ.

"ಹೆದರಿಕೆ ಹೋಗಲ್ಲ ಅಂತಾರೆ ಸಾರ್" ಎಂದ ವಿಷ್ಣು. "ಹೆದರಿಕೊಂಡೇ ಜೊತೆಗೆ ಹೋಗಿ ಅಂತಾರೆ."

ರಾತ್ರಿಯಿಡೀ ಆ ಮಾತು ನನ್ನನ್ನು ಮಲಗಲು ಬಿಡಲಿಲ್ಲ.

ಹೊನ್ನಯ್ಯನವರು ಮತ್ತೆ ಹಾರನ್ ಹೊಡೆದರು, ಕೇಳಿಸಿತೇ? ರಾಷ್ಟ್ರಗೀತೆ ಮುಗಿಯುವವರೆಗೆ ಯಾರೂ ವೇದಿಕೆ ಬಿಟ್ಟು ಇಳಿಯಬಾರದು ಎಂದು ಈ ಶಾಲೆಯ ಮಕ್ಕಳಿಗೆ ಹೇಳಿಕೊಟ್ಟವನೇ ನಾನು. ಅಧ್ಯಕ್ಷರೇ, ಇವತ್ತೊಂದು ದಿನ ಅಪ್ಪಣೆ ಕೊಡಿ. ಶಾಲು ನೀವೇ ಹೊದಿಸಿ. ಹಾರವನ್ನು ಕೊರಳಿಗೆ ಹಾಕಬೇಡಿ, ಕೈಗೆ ಕೊಡಿ. ಆ ಕತ್ತಿಗೆ ಭಾರ ಬೇಡ.

ಕಾವ್ಯ, ಏಳಮ್ಮ. ಟಿಕೆಟ್ ಇಬ್ಬರಿಗೂ ತಗೊಳ್ಳೋಣ. ನಾಳೆ ನಾನು ಮೈದಾನಕ್ಕೆ ಬೆನ್ನು ಮಾಡಿಯೇ ಕೂರ್ತೀನಿ, ಅದಕ್ಕೆ ಮಾತ್ರ ಬೇಜಾರು ಮಾಡ್ಕೋಬೇಡ. ಪುಟ್ಟಲಕ್ಷ್ಮಿ, ದಾರೀಲಿ ಮನೆ ಹತ್ತಿರ ಜೀಪು ನಿಲ್ಲಿಸಿ ನನಗೊಂದು ಅಂಗಿ... ಏನು? ಬೆಳಿಗ್ಗೆಯೇ ಅವಳ ಬ್ಯಾಗಿಗೆ ಹಾಕಿದ್ದೀಯಾ?

ಇಷ್ಟು ಹೊತ್ತು ನನ್ನನ್ನು ಸಹಿಸಿಕೊಂಡ ಸಭೆಗೂ, ನಾನು ಮೆಟ್ಟಿಲಿಳಿಯಲಿ ಎಂದು ಆಗಲೇ ಎದ್ದು ಬಂದು ಕೈ ಚಾಚಿ ನಿಂತಿರುವ ಥಾರ್ನ್‌ಬಿಯವರಿಗೂ ನನ್ನ ವಂದನೆಗಳು. ನಮಸ್ಕಾರ.